ಹುಡುಗರ ತಪ್ಪಿಗೆ ಹುಡುಗರ ಪಂಚಾಯ್ತಿ ಯಾಕಾಗಬಾರದು?

ಗಡಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಿಗೆ ಬರುವುದು ಒಂದು ನೀರು, ಇನ್ನೊಂದು ಭಾಷೆ. ಮಹದಾಯಿ ಹೋರಾಟದ ದೆಸೆಯಿಂದ ಗೋವೆಯ ಸತ್ತರಿ ತಾಲ್ಲೂಕಿನ ಹೆಸರು ನಮ್ಮ ಹಳ್ಳಿಯ ಕಟ್ಟೆಗಳ ಮೇಲೂ ಕೇಳಿಬಂದಿದೆ. ಆ ತಾಲ್ಲೂಕಿಗೆ ಮುಖ್ಯ ಪೇಟೆ ವಾಳಪೈ. ಖಾನಾಪುರ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿದ ಹೊಳೆ ಘಟ್ಟ ಇಳಿದು, ಸತ್ತರಿಯನ್ನು ಹಾಯ್ದು, ಮಾಂಡವಿ ಎಂಬ ಹೆಸರಿನಿಂದ ಪಣಜಿಯಲ್ಲಿ ಸಮುದ್ರ ಸೇರುತ್ತದೆ. ಹೊಳೆಯ ಹಿಂದೆಯೇ ನಮ್ಮ ಜನವೂ ಘಟ್ಟ ಇಳಿದಿದ್ದಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ಅಡಿಕೆ ತೋಟದ ಕೂಲಿಗೆ ಹೋದವರು ಅಲ್ಲಿಯೇ ಬಾಡಿಗೆ ಖೋಲಿ ಹಿಡಿದು ಮಕ್ಕಳನ್ನು ಅಲ್ಲಿಯ ಶಾಲೆಗೇ ಹಾಕಿದ್ದಾರೆ. ಇಷ್ಟು ವರ್ಷ ಆ ಹೊಳೆಯ ನೀರಿನ ಬಗ್ಗೆ ಬಹಳ ಬರೆದಾಯಿತು. ಈ ಸಲ ಆ ಮಕ್ಕಳ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಕಳೆದ ಕಾಜೂ ಕಾಲದಲ್ಲಿ ನಮ್ಮ ಊರಿನ ಸಂಬಂಧಿಕರೊಬ್ಬರನ್ನು ಕಾಣಲು ನಾನು ವಾಳಪೈಗೆ ಹೋಗಿದ್ದೆ. ಹೋದ ಮರುದಿನವೇ ಒಂದು ಪಂಚಾಯ್ತಿಗೆ ಕರೆ ಬಂತು. ರಾಯಚೂರು ಗಡಿಯ ಕಡೆಯ ಒಂದು ಕುಟುಂಬ, ಮನೆಮಾತು ತೆಲುಗು. ಹುಡುಗನಿಗೆ ಹದಿನೈದು ವರ್ಷ, ಒಂಬತ್ತನೇ ಈಯತ್ತೆ. ಅವನು ಮತ್ತು ಅಲ್ಲಿಯವನೇ ಆದ ಇನ್ನೊಬ್ಬ ಹುಡುಗ ಸೇರಿ ಒಬ್ಬ ಭಾಟಕಾರರ ಗುಡ್ಡದಲ್ಲಿ ಕಾಜೂ ಬೀಜ ಆರಿಸಿ ಪೇಟೆಯಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದಿದ್ದರು. ಭಾಟಕಾರ ಅಂದರೆ ಅಲ್ಲಿ ತೋಟದ ಧಣಿ. ಚೀಲದಲ್ಲಿದ್ದದ್ದು ಏಳೆಂಟು ಕಿಲೋ ಬೀಜ, ಕಿಮ್ಮತ್ತು ಸಾವಿರದ ಮೇಲೆ ಚಿಲ್ಲರೆ. ಪಂಚಾಯ್ತಿ ಕೂಡುವುದಕ್ಕೆ ಮುಂಚೆಯೇ ಆ ಇನ್ನೊಬ್ಬ ಹುಡುಗನ ಸೋದರಮಾವ ಸ್ಕೂಟರ್ ಮೇಲೆ ಬಂದು ಅವನನ್ನು ಹತ್ತಿಸಿಕೊಂಡು ಹೋಗಿಬಿಟ್ಟಿದ್ದ. ಉಳಿದವನು 'ಘಾಟಿ' ಹುಡುಗ ಒಬ್ಬನೇ. ಘಟ್ಟದ ಮೇಲಿನಿಂದ ಬಂದವರಿಗೆ ಗೋವೆಯಲ್ಲಿ ಹೇಳುವ ಮಾತು ಅದು, ಪ್ರೀತಿಯಿಂದ ಹೇಳುವ ಮಾತಲ್ಲ.

ಮಾತುಕತೆ ನಡೆದ ಬಗೆ ನೋಡಿ. ಭಾಟಕಾರರು ಕೊಂಕಣಿಯಲ್ಲಿ ಮಾತಾಡಿದರು. ಅದನ್ನು ಮೇಸ್ತ್ರಿ ಹಿಂದಿಗೆ ತಿರುಗಿಸಿದ. ಆ ಹಿಂದಿಯನ್ನು ನಾನು ಹುಡುಗನ ತಂದೆಗೆ ತೆಲುಗಿನಲ್ಲಿ ಹೇಳಿದೆ. ತಂದೆ ಒಂದೇ ಸಮನೆ ಕೈಮುಗಿದು, "ತಪ್ಪೈಂದಿ ಅಯ್ಯಾ, ವದಿಲೇಯಂಡಿ" ಅನ್ನುತ್ತಿದ್ದ. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಐದು ಸಾವಿರ ದಂಡ. ಮೇಸ್ತ್ರಿ ಈಗ ಕೊಡುತ್ತಾನೆ, ಮುಂದೆ ತಂದೆಯ ಪಗಾರದಲ್ಲಿ ಮುರಿದುಕೊಳ್ಳುತ್ತಾನೆ. ಎಲ್ಲರೂ ಚಹಾ ಕುಡಿದು ಎದ್ದರು.

ಹುಡುಗ ಬಾಗಿಲ ಪಕ್ಕ ನಿಂತೇ ಇದ್ದ. ಎದ್ದು ಹೊರಟಾಗ ಅವನನ್ನು ಪಕ್ಕಕ್ಕೆ ಕರೆದು, "ಯಾಕಪಾ ತಮ್ಮಾ, ಹಿಂಗ್ಯಾಕ ಮಾಡಿದಿ?" ಅಂದೆ. ಕ್ರಿಕೆಟ್ ಬ್ಯಾಟಿಗೆ ಅಂದ. ಆಮೇಲೆ ತಲೆ ತಗ್ಗಿಸಿಯೇ ಇನ್ನೊಂದು ಮಾತು ಅಂದ: "ಕಾಕಾ, ಭಾಟಕಾರ್ರು ರೊಕ್ಕ ಕೇಳಲೇ ಇಲ್ಲ. ನಾಕು ಆಯಿತವಾರ ತೋಟದಾಗ ಕಸ ತೆಗೀಲಿ ಸಾಕು ಅಂದ್ರು. ಐದು ಸಾವಿರ ಅಂದಾಂವ ಮೇಸ್ತ್ರಿ."

ಆ ಸಭೆಯಲ್ಲಿ ಕೊಂಕಣಿ, ಕನ್ನಡ, ತೆಲುಗು, ಹಿಂದಿ ನಾಲ್ಕೂ ಬಲ್ಲವನು ಆ ಹುಡುಗ ಒಬ್ಬನೇ. ಅವನನ್ನು ಬಿಟ್ಟು ಉಳಿದ ನಾವೆಲ್ಲರೂ ಮಾತಾಡಿದ್ದೆವು. ಎರಡು ಭಾಷೆಯಲ್ಲಿ ಪದ್ಯ ಬರೆಯುವವನಿಗೆ ಒಂದು ಸಂಗತಿ ಗೊತ್ತಿರುತ್ತದೆ, ಯಾವ ಮಾತೂ ಭಾಷೆ ದಾಟುವಾಗ ಸ್ವಲ್ಪವನ್ನಾದರೂ ದಾರಿಯಲ್ಲಿ ಉದುರಿಸಿಯೇ ದಾಟುತ್ತದೆ. ಅಲ್ಲಿ ಉದುರಿದ್ದು ನಾಲ್ಕು ಭಾನುವಾರ. ಹುಡುಗ ಹೇಳಿದ್ದು ಎಷ್ಟು ಖರೆ ಎಂದು ಸಾಕ್ಷಿ ಹೇಳಲು ನನಗಾಗದು. ಆದರೆ ಬ್ಯಾಟಿನ ಆಸೆಗೆ ಬಿದ್ದವನು ಕಸ ತೆಗೆಯುವ ಲೆಕ್ಕವನ್ನು ತಾನೇ ಕಟ್ಟಿ ಹೇಳುತ್ತಾನೆಂದು ನನಗೆ ಅನ್ನಿಸುವುದಿಲ್ಲ. ಮೇಸ್ತ್ರಿಗೆ ಸಾಲದ ಹಗ್ಗ ಬೇಕಿತ್ತು, ಸಿಕ್ಕಿತು. ಹುಡುಗ ಶಾಲೆ ಬಿಟ್ಟು ತಂದೆಯ ಸಂಗಡ ಸಿಮೆಂಟು ಕಲಸಲು ಹೋದ.

ಕಾಯಿದೆಯಲ್ಲಿ ಏನಿದೆ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಊರಿಗೆ ಬಂದ ಮೇಲೆ ವಕೀಲ ಮಿತ್ರರೊಬ್ಬರ ಮನೆಯಲ್ಲಿ ಮೂರು ಸಂಜೆ ಕೂತು 2015ರ ಬಾಲ ನ್ಯಾಯ ಕಾಯಿದೆಯನ್ನು ಓದಿಸಿ ಕೇಳಿದೆ. ಅದು ಜಾರಿಗೆ ಬಂದದ್ದು 2016ರ ಜನವರಿ 15ರಂದು. ಹದಿನೆಂಟು ತುಂಬದ ಯಾರೇ ತಪ್ಪು ಮಾಡಿ ಸಿಕ್ಕರೂ ಅವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳಾಗಿರಬೇಕು. ಮೂರು ವರ್ಷದವರೆಗೆ ಸಜೆ ಇರುವ ಅಪರಾಧಗಳು ಕಾಯಿದೆಯ ಲೆಕ್ಕದಲ್ಲಿ ಸಣ್ಣ ಅಪರಾಧಗಳು. ಅಂಥವುಗಳ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನೆರಡು ತಿಂಗಳು. ಆಗಲೂ ಮುಗಿಯದಿದ್ದರೆ ಆ ಪ್ರಕರಣವೇ ಬಿದ್ದುಹೋಗುತ್ತದೆ.

ತಪ್ಪು ರುಜುವಾತಾದರೆ ಏನು ಮಾಡಬೇಕೆಂಬುದು 18ನೇ ಕಲಮಿನಲ್ಲಿದೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ದಂಡ ಹಾಕಬಹುದು, ಸನ್ನಡತೆಯ ಮೇಲೆ ಬಿಡಬಹುದು, ಕೊನೆಗೆ ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿ ಇಡಬಹುದು. ನನ್ನ ಕಿವಿ ನಿಮಿರಿದ್ದು ನಡುವಿನ ಒಂದು ಸಾಲಿಗೆ. ಮಂಡಳಿ ಗುರುತಿಸಿದ ಒಂದು ಸಂಸ್ಥೆಯ, ಒಬ್ಬ ವ್ಯಕ್ತಿಯ ಅಥವಾ ವ್ಯಕ್ತಿಗಳ ಗುಂಪಿನ ಮೇಲ್ವಿಚಾರಣೆಯಲ್ಲಿ ಮಗುವಿನಿಂದ ಸಮುದಾಯ ಸೇವೆ ಮಾಡಿಸಬಹುದು ಎಂದಿದೆ. ಅಂದರೆ ಭಾಟಕಾರರು ಹೇಳಿದರೆಂಬ ನಾಲ್ಕು ಭಾನುವಾರಕ್ಕೂ ಕಾಯಿದೆಗೂ ಬಹಳ ದೂರವಿಲ್ಲ. ಮೇಸ್ತ್ರಿಯ ಐದು ಸಾವಿರಕ್ಕೆ ಮಾತ್ರ ಯಾವ ಕಾಯಿದೆಯಲ್ಲೂ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ದೊಡ್ಡವರಿಗೇ ಇಂಥ ಅವಕಾಶ ಕೊಟ್ಟಿದೆ. ಮೊದಲ ಸಲ ಸಿಕ್ಕವನು, ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ, ಮಾಲು ಅಥವಾ ಅದರ ಬೆಲೆ ವಾಪಸು ಕೊಟ್ಟಾಯಿತು ಅಂದರೆ ಶಿಕ್ಷೆ ಸಮುದಾಯ ಸೇವೆ.

ಇಷ್ಟೆಲ್ಲ ಇದ್ದೂ ನಮ್ಮ ಜನ ಮಂಡಳಿಯ ಕಡೆ ಯಾಕೆ ಹೋಗುವುದಿಲ್ಲ? ಭಯ ಒಂದು. ಎರಡನೆಯದು ದಿನಗೂಲಿ. ಮಕ್ಕಳ ಸರ್ಕಾರಿ ಗೃಹ 'ಅಪ್ನಾ ಘರ್' ಇರುವುದು ಪಣಜಿಯ ಪಕ್ಕದ ಮೆರ್ಸೆಸ್‌ನಲ್ಲಿ, ವಾಳಪೈಯಿಂದ ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ತಾರೀಕು ಬಿದ್ದ ದಿನವೆಲ್ಲ ತಂದೆಯ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅದಕ್ಕಾಗಿ ಊರೊಳಗೇ ಮುಗಿಸಿಕೊಳ್ಳೋಣ ಅನ್ನುತ್ತಾರೆ, ಊರೊಳಗೆ ಮೇಸ್ತ್ರಿ ಕೂತಿರುತ್ತಾನೆ. ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಿಬಿಡಬೇಕು. ಗೋವೆಯಲ್ಲಿ 2003ರ ಮಕ್ಕಳ ಕಾಯಿದೆಯ ಪ್ರಕಾರ ಮಕ್ಕಳ ನ್ಯಾಯಾಲಯ ಎಂದು ಒಂದಿದೆ. ಅದು ಮಕ್ಕಳ ಮೇಲೆ ನಡೆಯುವ ಅಪರಾಧಗಳಿಗೆ. ಮಕ್ಕಳೇ ಮಾಡಿದ ತಪ್ಪನ್ನು ನೋಡುವುದು ಬಾಲ ನ್ಯಾಯ ಮಂಡಳಿ. ಎರಡೂ ಬೇರೆ ಬೇರೆ.

ಹುಡುಗರೇ ಕೂತು ಕೇಳಿದರೆ

ಅಮೆರಿಕೆಯ ಟೆಕ್ಸಸ್ ಸೀಮೆಯ ಒಡೆಸ್ಸಾ ಎಂಬ ಊರಿನಲ್ಲಿ 1983ರಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಅಂಗಡಿಯಲ್ಲಿ ಸಣ್ಣ ಕಳವು, ಕಿಟಕಿ ಗಾಜು ಒಡೆದದ್ದು, ಕದ್ದು ಕುಡಿದದ್ದು ಇಂಥ ತಪ್ಪುಗಳಿಗೆ ಸಿಕ್ಕ ಹುಡುಗ ತಾನು ಮಾಡಿದ್ದನ್ನು ಒಪ್ಪಿಕೊಂಡರೆ ಅವನನ್ನು ಅವನ ವಯಸ್ಸಿನ ಹುಡುಗ ಹುಡುಗಿಯರ ಮುಂದೆ ನಿಲ್ಲಿಸುತ್ತಾರೆ. ವಾದ ಮಾಡುವವರು, ತೀರ್ಪು ಹೇಳುವ ಪಂಚರು ಎಲ್ಲ ಹೈಸ್ಕೂಲಿನ ಮಕ್ಕಳೇ. ಕೆಲವು ಕಡೆ ಪೀಠದ ಮೇಲೆ ದೊಡ್ಡವರೊಬ್ಬರು ಕೂರುತ್ತಾರೆ, ಇನ್ನು ಕೆಲವು ಕಡೆ ಅಲ್ಲಿಯೂ ಮಕ್ಕಳೇ. ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಅವರಿಗಿಲ್ಲ. ಇಷ್ಟು ತಾಸು ಊರಿನ ಕೆಲಸ ಮಾಡು, ಯಾರಿಗೆ ನಷ್ಟ ಮಾಡಿದಿಯೋ ಅವರಿಗೆ ಕ್ಷಮಾಪಣೆ ಬರೆ ಎಂದು ಹೇಳುತ್ತಾರೆ. ಜೊತೆಗೆ ಒಂದು ವಿಚಿತ್ರ ಶಿಕ್ಷೆಯೂ ಉಂಟು: ಮುಂದೆ ಬರುವ ಬೇರೆ ಹುಡುಗರ ಪ್ರಕರಣದಲ್ಲಿ ನೀನೂ ಪಂಚನಾಗಿ ಕೂರು! ಹೇಳಿದ್ದನ್ನು ಪೂರೈಸಿದರೆ ಪ್ರಕರಣ ವಜಾ. ಈ ಕಡೆಯ ಮಾತು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಒಮ್ಮೆ ಕಳ್ಳ ಅನ್ನಿಸಿಕೊಂಡವನನ್ನು ಜನ್ಮದಲ್ಲಿ ಯಾವ ಕಟ್ಟೆಯ ಮೇಲೂ ಕೂರಿಸಿಕೊಳ್ಳುವುದಿಲ್ಲ.

ಮುಂದೆ ಇಂಥ ಯುವ ನ್ಯಾಯಾಲಯಗಳು ಆ ದೇಶದಲ್ಲಿ ಸಾವಿರದ ಸಂಖ್ಯೆ ದಾಟಿದವು. ಪ್ರಯೋಜನವಾಯಿತೇ ಎಂದು ನಮ್ಮ ವ್ಯಾಪಾರಸ್ಥ ಮಿತ್ರರು ಮೊದಲು ಕೇಳುತ್ತಾರೆ. 2002ರಲ್ಲಿ ಅಲ್ಲಿಯ ಅರ್ಬನ್ ಇನ್‌ಸ್ಟಿಟ್ಯೂಟ್ ನಾಲ್ಕು ರಾಜ್ಯಗಳ ಲೆಕ್ಕ ತೆಗೆಯಿತು. ಅಲಾಸ್ಕಾದಲ್ಲಿ ಯುವ ನ್ಯಾಯಾಲಯಕ್ಕೆ ಹೋದ ಮಕ್ಕಳಲ್ಲಿ ಆರು ತಿಂಗಳೊಳಗೆ ಮತ್ತೆ ತಪ್ಪು ಮಾಡಿ ಸಿಕ್ಕವರು ನೂರಕ್ಕೆ 6. ಮಾಮೂಲು ದಾರಿಯಲ್ಲಿ ಹೋದ ಅಂಥದೇ ಮಕ್ಕಳಲ್ಲಿ ನೂರಕ್ಕೆ 23. ಹಾಗೆಂದು ಎಲ್ಲ ಕಡೆ ಹೀಗೇ ಆಯಿತೆಂದು ತಿಳಿಯಬೇಡಿ. ಮೇರಿಲ್ಯಾಂಡಿನಲ್ಲಿ ಇಂಥ ಲಾಭ ಕಾಣಲಿಲ್ಲ. ಅಲ್ಲಿ ಹೋಲಿಕೆಗೆ ತೆಗೆದುಕೊಂಡ ಮಕ್ಕಳಿಗೆ ಪೊಲೀಸರೇ ಕ್ಷಮಾಪಣೆ, ಸೇವೆ ಎಲ್ಲ ಮಾಡಿಸುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಇದರ ಅರ್ಥ ಇಷ್ಟೆ: ಮಗುವನ್ನು ಕೂರಿಸಿ ಕೇಳಿ, ಕೆಡಿಸಿದ್ದನ್ನು ಅದರ ಕೈಯಿಂದಲೇ ಸರಿ ಮಾಡಿಸುವುದು ಮುಖ್ಯ. ಕೇಳುವವರು ಮಕ್ಕಳೇ ಆದರೆ ಹುಡುಗ ಬಾಯಿ ಬಿಡುವುದು ಸುಲಭ. ವಾಳಪೈಯ ಪಂಚಾಯ್ತಿಯಲ್ಲಿ ಹದಿನೈದು ವರ್ಷದವರು ಐದು ಮಂದಿ ಕೂತಿದ್ದರೆ ಮೊದಲ ಪ್ರಶ್ನೆಯೇ "ನಿನ್ನ ಜೋಡಿ ಇದ್ದಾಂವ ಎಲ್ಲಿ?" ಎಂದು ಬರುತ್ತಿತ್ತು. ನಾವು ದೊಡ್ಡವರು ಯಾರೂ ಅದನ್ನು ಕೇಳಲಿಲ್ಲ.

ಅಮೆರಿಕೆಗಿಂತ ಎಷ್ಟೋ ಮುಂಚೆ ಪೋಲೆಂಡ್ ದೇಶದ ವಾರ್ಸಾದಲ್ಲಿ ಡಾಕ್ಟರ್ ಯಾನುಷ್ ಕೋರ್ಚಾಕ್ ಎಂಬ ಪುಣ್ಯಾತ್ಮರು ಇದನ್ನು ಮಾಡಿ ತೋರಿಸಿದ್ದರು. 1912ರಿಂದ ಅವರು ನಡೆಸಿದ ಅನಾಥಾಲಯದಲ್ಲಿ ಮಕ್ಕಳದೇ ಕೋರ್ಟು ಇತ್ತು. ಆ ವಾರ ಯಾರ ಮೇಲೆ ಫಿರ್ಯಾದಿ ಇಲ್ಲವೋ ಆ ಮಕ್ಕಳ ಹೆಸರು ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಕೂರಿಸುತ್ತಿದ್ದರು. ಕೋರ್ಚಾಕರು ಬರೆದುಕೊಟ್ಟ ಕಲಮುಗಳು ಒಂದರಿಂದ ಸಾವಿರದವರೆಗೆ. ಮೊದಲ ತೊಂಬತ್ತೊಂಬತ್ತೂ ಒಂದಲ್ಲ ಒಂದು ಬಗೆಯಲ್ಲಿ ಕ್ಷಮಿಸುವ ಕಲಮುಗಳೇ. ನೂರರಿಂದ ಮೇಲೆ ಬಿಗಿಯಾಗುತ್ತ ಹೋಗಿ ಸಾವಿರನೆಯದು ಅನಾಥಾಲಯದಿಂದ ಹೊರಗೆ ಹಾಕುವುದು. ಒಬ್ಬ ಹುಡುಗನ ಕಿವಿಗೆ ಬಾರಿಸಿದ್ದಕ್ಕೆ ಆ ಡಾಕ್ಟರೇ ಮಕ್ಕಳ ಕಟಕಟೆಯಲ್ಲಿ ನಿಂತರು. ಯೆಹೂದಿ ಮಕ್ಕಳನ್ನು 1942ರ ಆಗಸ್ಟಿನಲ್ಲಿ ನಾಜಿಗಳು ಟ್ರೆಬ್ಲಿಂಕಾಕ್ಕೆ ಸಾಗಿಸಿದಾಗ ಅವರನ್ನು ಬಿಟ್ಟು ಉಳಿಯಲೊಪ್ಪದೆ ಸಂಗಡವೇ ಹೋಗಿ ಪ್ರಾಣ ಕೊಟ್ಟರು.

ಕುಂದಾಪುರದ ಮಕ್ಕಳು

ಪರದೇಶದ ಮಾತು ಸಾಕು, ನಮ್ಮ ಮಕ್ಕಳಿಂದ ಇದು ಆದೀತೇ ಎನ್ನುವವರು ಕುಂದಾಪುರದ ಕಡೆ ನೋಡಬೇಕು. ಬೆಂಗಳೂರಿನ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು 1990ರಲ್ಲಿ ಭೀಮಸಂಘ ಕಟ್ಟಿಕೊಂಡರು. 1995ರ ಹೊತ್ತಿಗೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯ್ತಿಗಳು ಹುಟ್ಟಿದವು. ಅಲ್ಲಿ ಮಕ್ಕಳೇ ಉಮೇದುವಾರರು, ಮಕ್ಕಳೇ ಮತದಾರರು. ಬರೀ ಶಾಲೆಗೆ ಹೋಗುವ ಜಾಣರು ಸೇರಿಬಿಟ್ಟಾರೆಂದು ದುಡಿಯುವ ಮಕ್ಕಳಿಗೂ ಜಾಗ ಕಾದಿರಿಸಿದ್ದರು. ದೊಡ್ಡವರಲ್ಲಿ ತಮಗೆ ನಂಬಿಕೆಯಾದ ಒಬ್ಬರನ್ನು ಮಕ್ಕಳೇ 'ಮಕ್ಕಳ ಮಿತ್ರ' ಎಂದು ಆರಿಸಿಕೊಳ್ಳುತ್ತಿದ್ದರು. ಕಾಲುಸಂಕ ಇಲ್ಲದೆ ಮಳೆಗಾಲದಲ್ಲಿ ಹಳ್ಳ ದಾಟಲಾಗದ ಕಷ್ಟವನ್ನು ಮಕ್ಕಳೇ ಲೆಕ್ಕ ಹಾಕಿ ಪಂಚಾಯ್ತಿಯ ಮುಂದಿಟ್ಟು ಕೇಳಿದರು. 2006ರಲ್ಲಿ ಕರ್ನಾಟಕ ಸರ್ಕಾರವೇ ಎಲ್ಲ ಗ್ರಾಮ ಪಂಚಾಯ್ತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ಎಷ್ಟೋ ಕಡೆ ಅದು ಹಾರ, ಭಾಷಣ, ಬಿಸ್ಕೀಟಿನಲ್ಲಿ ಮುಗಿಯುತ್ತದೆ ಎಂಬುದೂ ನಿಜ. ಮಕ್ಕಳ ಪಂಚಾಯ್ತಿ ಇರುವುದು ಊರಿನ ಕುಂದುಕೊರತೆಗೆ, ಕೋರ್ಟಿನ ಕೆಲಸಕ್ಕಲ್ಲ. ಆದರೂ ಹತ್ತು ಮಂದಿಯ ಎದುರು ನಿಂತು ಕೇಳುವುದು, ಕೇಳಿದ್ದನ್ನು ಬರೆದಿಡುವುದು, ಕೈ ಎತ್ತಿಸಿ ತೀರ್ಮಾನ ಮಾಡುವುದು ನಮ್ಮ ಮಕ್ಕಳಿಗೂ ಬರುತ್ತದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ನಮ್ಮ ಬಾಲ ನ್ಯಾಯ ಕಾಯಿದೆಯಲ್ಲಿ ಯುವ ನ್ಯಾಯಾಲಯ ಎಂಬ ಮಾತಿಲ್ಲ. ಮಂಡಳಿಯ ಸಮಾಜ ಕಾರ್ಯಕರ್ತರಿಗೆ ಮೂವತ್ತೈದು ವರ್ಷವಾದರೂ ಆಗಿರಬೇಕೆಂದು ಕೇಂದ್ರದ 2016ರ ಮಾದರಿ ನಿಯಮ ಹೇಳುತ್ತದೆ. ಹಾಗಾಗಿ ಮಕ್ಕಳು ತೀರ್ಪು ಕೊಡುವ ಪ್ರಶ್ನೆ ಇಲ್ಲ. ಆದರೆ ಕಾಯಿದೆ ಹೇಳುವ 'ವ್ಯಕ್ತಿಗಳ ಗುಂಪು' ಇದೆಯಲ್ಲ, ಆ ಬಾಗಿಲಿನಿಂದ ಒಳಗೆ ಬರಬಹುದು. ಕೋರ್ಟು ಕಚೇರಿ ಇಲ್ಲದೆ ಬೇರೆ ದಾರಿಯಲ್ಲಿ ಬಗೆಹರಿಸುವುದನ್ನು ಕಾಯಿದೆಯ ಮೂರನೇ ಕಲಮು ಮೂಲತತ್ವಗಳಲ್ಲೇ ಸೇರಿಸಿದೆ. ಮಂಡಳಿ ಸಣ್ಣ ಪ್ರಕರಣವೊಂದನ್ನು ವಾಳಪೈಯ ಶಾಲೆ ಕಾಲೇಜಿನ ಐದಾರು ಮಕ್ಕಳ ಗುಂಪಿಗೆ ಒಪ್ಪಿಸಲಿ. ಒಬ್ಬಿಬ್ಬರಾದರೂ ಘಟ್ಟದ ಮೇಲಿನ ಮಕ್ಕಳು ಅದರಲ್ಲಿರಲಿ. ಅವರು ಕೇಳಿ, ಯಾವ ಸೇವೆ ಎಷ್ಟು ದಿನ ಎಂದು ಬರೆದು ಮಂಡಳಿಗೆ ಕಳಿಸಲಿ. ಒಪ್ಪುವುದು, ಬಿಡುವುದು ಮಂಡಳಿಗೇ ಇರಲಿ.

ಈ ಮಾತನ್ನು ನಾನು ಎತ್ತಿದ ಕಡೆಯಲ್ಲೆಲ್ಲ ಎದುರಾದ ಆಕ್ಷೇಪಣೆಗಳೂ ಸಣ್ಣವಲ್ಲ. ನಮ್ಮೂರಿನ ಕಿರಾಣಿ ಸಾಹುಕಾರರು, "ದೊಡ್ಡವರ ಜಾತಿ ಪಂಚಾಯ್ತಿಯನ್ನೇ ತಡಕೊಳ್ಳಾಕ ಆಗಿಲ್ಲ, ಇನ್ನ ಹುಡುಗರದೂ ಒಂದೇನ್ರೀ?" ಅಂದರು. ಹೆದರಿಕೆ ಸುಳ್ಳಲ್ಲ. ಮಕ್ಕಳೂ ಮನೆಯಲ್ಲಿ ಕಲಿತ ಜಾತಿ, ಭಾಷೆ, ಘಾಟಿ ಎಂಬ ಬಿರುದು ಎಲ್ಲವನ್ನೂ ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ. ಒಮ್ಮೊಮ್ಮೆ ಹುಡುಗರು ದೊಡ್ಡವರಿಗಿಂತ ಕಟುಕರಾಗುತ್ತಾರೆ. ಅದಕ್ಕೇ ಮಂಡಳಿಯ ಕೈಯಲ್ಲಿ ಲಗಾಮು ಇರಬೇಕೆನ್ನುವುದು. ಇನ್ನೊಬ್ಬ ಶಿಕ್ಷಕ ಮಿತ್ರರ ಮಾತು ಇದಕ್ಕಿಂತ ತೂಕದ್ದು. ಸಣ್ಣ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ತಪ್ಪು ಮಾಡಿದ ಮಗುವಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬಯಲು ಮಾಡಬಾರದೆಂದು ಕಾಯಿದೆಯ 74ನೇ ಕಲಮು ಹೇಳುತ್ತದೆ. ಅದೇ ಶಾಲೆಯ ಮಕ್ಕಳನ್ನು ಪಂಚರನ್ನಾಗಿ ಕೂರಿಸಿದರೆ ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆಲ್ಲ ಗೊತ್ತು. ಬೇರೆ ಊರಿನ, ಬೇರೆ ಶಾಲೆಯ ಮಕ್ಕಳನ್ನು ತರಬೇಕು, ಅಮೆರಿಕೆಯಲ್ಲಿ ಮಾಡುವಂತೆ ಗುಟ್ಟು ಕಾಯುವ ಪ್ರಮಾಣ ಮಾಡಿಸಬೇಕು. ನನಗೆ ಎಲ್ಲಕ್ಕಿಂತ ಕಳವಳದ ಸಂಗತಿ ಬೇರೆ. ಒಪ್ಪಿಕೊಂಡವನಿಗೆ ಮಾತ್ರ ಈ ದಾರಿ ಎಂದಾದರೆ, ಮಾಡದ ಹುಡುಗನೂ ಅಂಜಿ ಒಪ್ಪಿಕೊಂಡುಬಿಡಬಹುದು. ಬಡವರ ಮಕ್ಕಳಲ್ಲಿ ಇದು ಹೆಚ್ಚು. ಒಪ್ಪಿಗೆಯನ್ನು ಕೇಳುವ ಮುಂಚೆ ವಕೀಲರೊಬ್ಬರು ಮಗುವಿನ ಸಂಗಡ ಅದರದೇ ಭಾಷೆಯಲ್ಲಿ ಮಾತಾಡಿರಬೇಕು. ಕೊಲೆ, ಅತ್ಯಾಚಾರದಂಥ ಪ್ರಕರಣಗಳ ಹತ್ತಿರವಂತೂ ಮಕ್ಕಳ ಗುಂಪನ್ನು ಸುಳಿಯಗೊಡಬಾರದು.

ಇದೆಲ್ಲ ಆಗುವಾಗ ಆಗಲಿ. ಈ ನಡುವೆ ಗೋವೆಗೆ ದುಡಿಯಲು ಹೋದ ನಮ್ಮವರು ಕೆಲವು ಮಾತು ತಿಳಿದಿಟ್ಟುಕೊಳ್ಳಬೇಕು. ಮಗು ಸಿಕ್ಕಿಬಿದ್ದರೆ ಮೇಸ್ತ್ರಿಯ ಹತ್ತಿರ ಮುಂಗಡಕ್ಕೆ ಓಡುವ ಮೊದಲು 1098ಕ್ಕೆ ಫೋನು ಮಾಡಿ, ಅದು ಮಕ್ಕಳ ಸಹಾಯವಾಣಿ, ಕಾಸು ಹತ್ತುವುದಿಲ್ಲ. ಮಕ್ಕಳಿಗೆ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಕಾಯಿದೆಯಲ್ಲೇ ಇದೆ, ಕೇಳಿ ಪಡೆಯಿರಿ. ಸಣ್ಣ ತಪ್ಪಿಗೆ ಮಗುವಿನ ಮೇಲೆ ಎಫ್.ಐ.ಆರ್. ಮಾಡುವ ಪದ್ಧತಿ ಇಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಮನೆಯ ಸ್ಥಿತಿಗತಿಯ ವರದಿ ಮಂಡಳಿಗೆ ಕಳಿಸಬೇಕೆಂದು ಮಾದರಿ ನಿಯಮದಲ್ಲಿದೆ. ಕೈಗೆ ಬೇಡಿ ಹಾಕುವಂತಿಲ್ಲ. ತಪ್ಪು ಒಪ್ಪಿಕೋ ಎಂದು ಒತ್ತಾಯ ಮಾಡುವಂತಿಲ್ಲ. ಮಗುವಿನ ಸಂಗಡ ಮಾತಾಡುವಾಗ ತಾಯಿತಂದೆ ಜೊತೆಗಿರಬಹುದು. ಮತ್ತು ಯಾವ ಹೇಳಿಕೆಯ ಹಾಳೆಯ ಮೇಲೂ ಮಗುವಿನಿಂದ ಸಹಿ ಹಾಕಿಸಿಕೊಳ್ಳುವಂತಿಲ್ಲ.